ಅಮ್ಮನ ಕಿಡ್ನಿ ಈಗಲೇ ತೆಗೆದುಕೊಳ್ಳುವುದಾ, ಪ್ಯಾಂಕ್ರಿಯಾಸ್ ಜೊತೆಗೇ ಸಿಗುವವರೆಗೆ ಕಾಯುವುದಾ?

ಪೆರ್ಲದಕ್ಕ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ನನ್ನ ತಮ್ಮನಿಗೆ ಈಗ 34. ಹನ್ನೊಂದನೇ ವಯಸ್ಸಿನಲ್ಲಿ ಶುಗರ್ ಬಂತು, ಟೈಪ್ ಒನ್. ಆಗ ನಮ್ಮ ಊರಲ್ಲಿ ಸಣ್ಣ ಮಕ್ಕಳಿಗೆ ಎಂತ ಶುಗರ್ ಎಂದು ಕೇಳಿದವರೇ ಎಲ್ಲ. ಇಪ್ಪತ್ತಮೂರು ವರ್ಷದಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಎರಡೂ ಕಣ್ಣಿಗೆ ಲೇಸರ್ ಆಗಿದೆ. ಕಳೆದ ವರ್ಷ ಒಂದು ವಿಚಿತ್ರ ಆಯಿತು. ಮೊದಲು 40 ಯೂನಿಟ್ ಬೇಕಾಗುತ್ತಿದ್ದವನಿಗೆ 24 ಸಾಕಾಗತೊಡಗಿತು. ಅಮ್ಮ ಕಟೀಲಿಗೆ ಹೂವಿನ ಪೂಜೆ ಹೇಳಿಕೊಂಡಿದ್ದರು, ದೇವಿ ಕಣ್ಣು ಬಿಟ್ಟಳು ಅಂತ ಪಾಯಸ ಮಾಡಿದೆವು. ಎರಡು ತಿಂಗಳಲ್ಲಿ ಕಾಲು ಬಾತುಕೊಂಡಿತು. ರಕ್ತ ಪರೀಕ್ಷೆ ಮಾಡಿಸಿದರೆ, ಕಿಡ್ನಿ ಸೋತರೆ ಏರುವ ಆ ಕ್ರಿಯಾಟಿನಿನ್ 5.8.

ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಮುಂದೆ ಡಯಾಲಿಸಿಸ್ ಸೂಜಿ ಚುಚ್ಚಲು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿಟ್ಟಿದ್ದಾರೆ. ನನ್ನ ಮಗಳು ಅದಕ್ಕೆ ಕಿವಿ ಇಟ್ಟು "ಮಾವನ ಕೈಯಲ್ಲಿ ಜೇನುನೊಣ ಇದೆ" ಎನ್ನುತ್ತಾಳೆ.

ಮಂಗಳೂರಿನ ಡಾಕ್ಟರು ಎರಡು ದಾರಿ ಹೇಳಿದರು. ಅಮ್ಮನ ಕಿಡ್ನಿ ಕೊಡುವುದು, ಅಮ್ಮನಿಗೆ 58, ಗ್ರೂಪ್ ಸರಿಹೊಂದುತ್ತದೆ. ಇಲ್ಲವೇ ಹೆಸರು ಹಾಕಿಸಿ ಕಾದು, ಮಿದುಳು ಸತ್ತ ಒಬ್ಬರೇ ದಾನಿಯಿಂದ ಕಿಡ್ನಿಯನ್ನೂ ಇನ್ಸುಲಿನ್ ಮಾಡುವ ಪ್ಯಾಂಕ್ರಿಯಾಸ್ ಗ್ರಂಥಿಯನ್ನೂ ಒಟ್ಟಿಗೆ ಹಾಕಿಸಿಕೊಳ್ಳುವುದು. ಆಗ ಇನ್ಸುಲಿನ್ನೂ ಬೇಡವಂತೆ. ಅಪ್ಪ ಎರಡನೆಯದೇ ಸೈ ಅನ್ನುತ್ತಾರೆ. ಅಮ್ಮ ಆಗಲೇ ಬಟ್ಟೆ ಬ್ಯಾಗಿಗೆ ತುಂಬಿಸಿ ಆಗಿದೆ.

ಪ್ಯಾಂಕ್ರಿಯಾಸ್ ಯಾಕೆ ಬೇಕು ಎನಿಸುತ್ತದೆ ಅಂದರೆ ಅವನಿಗೆ ಲೋ ಆಗುವುದು, ಅಂದರೆ ಶುಗರ್ ತೀರಾ ಇಳಿಯುವುದು, ಗೊತ್ತೇ ಆಗುವುದಿಲ್ಲ. ಮೊದಲೆಲ್ಲ ಕೈ ನಡುಗುತ್ತಿತ್ತು, ಬೆವರುತ್ತಿತ್ತು, ಅವನೇ ಎದ್ದು ಸಕ್ಕರೆ ತಿನ್ನುತ್ತಿದ್ದ. ಈಗ ಯಾವ ಸೂಚನೆಯೂ ಇಲ್ಲ. ಮೊನ್ನೆ ರಾತ್ರಿ ಮೂರು ಗಂಟೆಗೆ ಅಂಗಳದಲ್ಲಿ ನಿಂತಿದ್ದ, ಒಣಗಲು ಹಾಕಿದ ಅಡಿಕೆಯ ನಡುವೆ, ಅಂಗಿ ಒದ್ದೆ. ಹೆಸರು ಕರೆದರೆ ಯಾರನ್ನೋ ನೋಡಿದ ಹಾಗೆ ನೋಡಿದ. ಮೀಟರಿನಲ್ಲಿ 38. ಬೆಲ್ಲ ನೀರು ಬೇರೆಯವರ ಮನೆಯಲ್ಲಿ ನೆಂಟರಿಗೆ ಕೊಡುವುದು, ನಮ್ಮಲ್ಲಿ ತಲೆದಿಂಬಿನ ಹತ್ತಿರ ಇರುತ್ತದೆ.

ಇನ್ನೊಂದು ಸಂಗತಿ ಹೇಳಿದರೆ ನಗುತ್ತೀರಿ. ನಾವು ಕಾಸರಗೋಡಿನವರು, ಈ ಕಡೆ ಆಸ್ಪತ್ರೆಯಲ್ಲಿ ಕೊಟ್ಟ ಮಲಯಾಳಂ ಹಾಳೆಯಲ್ಲಿ ಪ್ಯಾಂಕ್ರಿಯಾಸಿಗೆ "ಆಗ್ನೇಯ ಗ್ರಂಥಿ" ಎಂದಿತ್ತು. ಅಪ್ಪನಿಗೆ ಮಲಯಾಳಂ ಅಷ್ಟಕ್ಕಷ್ಟೆ, ವಾಸ್ತುವಿನ ಆಗ್ನೇಯ ಮೂಲೆಗೂ ಇದಕ್ಕೂ ಎಂತ ಸಂಬಂಧ ಎಂದು ಕೇಳಿದರು.

ಯಾರಾದರೂ ಇದನ್ನು ಮಾಡಿಸಿಕೊಂಡವರು ಇದ್ದೀರಾ?

ಅಡಿಕೆ_ಭಾವ · ರಾತ್ರಿ 10:05

ಅಕ್ಕಾ, ಗಡಿಬಿಡಿಯಲ್ಲಿ ಆಪರೇಷನ್ನಿಗೆ ಹೋಗಬೇಡಿ. ಇನ್ಸುಲಿನ್ ಗಿಡದ ಎಲೆ ಬೆಳಗ್ಗೆ ಎರಡು ಜಗಿಯಲಿ. ನನ್ನ ದೊಡ್ಡಪ್ಪನಿಗೆ 280 ಇದ್ದದ್ದು 150ಕ್ಕೆ ಬಂದಿದೆ. ಗಿಡ ಬೇಕಾದರೆ ನಮ್ಮ ತೋಟದಲ್ಲಿ ಬೇಕಾದಷ್ಟು ಇದೆ.

ಡಯಾಲಿಸಿಸ್_ಸಿಸ್ಟರ್ · ರಾತ್ರಿ 10:31

ಭಾವ, ನಿಮ್ಮ ದೊಡ್ಡಪ್ಪನದ್ದು ಟೈಪ್ ಟೂ. ಅವರ ಮೈಯಲ್ಲಿ ಇನ್ಸುಲಿನ್ ಇನ್ನೂ ತಯಾರಾಗುತ್ತದೆ. ಈ ಹುಡುಗನ ಮೈಯಲ್ಲಿ ಅದನ್ನು ಮಾಡುವ ಕಣಗಳನ್ನು ಅವನದೇ ರೋಗನಿರೋಧಕ ಶಕ್ತಿ ಕೊಂದು ಹಾಕಿ ವರ್ಷಗಳಾಗಿವೆ. ಎಲೆ ಜಗಿದು ಅವು ಹುಟ್ಟಿ ಬರುವುದಿಲ್ಲ. ಕಿಡ್ನಿ ಈ ಸ್ಥಿತಿಯಲ್ಲಿರುವಾಗ ಸೊಪ್ಪು ಕಷಾಯ ಯಾವುದೂ ಬೇಡ.

ಪೆರ್ಲದಕ್ಕ, ಇನ್ಸುಲಿನ್ ಕಡಿಮೆ ಸಾಕಾದದ್ದು ಗುಣವಾಗಿ ಅಲ್ಲ. ಚುಚ್ಚಿದ ಇನ್ಸುಲಿನ್ನಿನ ಒಳ್ಳೆಯ ಪಾಲನ್ನು ಒಡೆದು ಹೊರಹಾಕುವುದು ಕಿಡ್ನಿ. ಅದು ಸೋತರೆ ಇನ್ಸುಲಿನ್ ಮೈಯಲ್ಲೇ ಜಾಸ್ತಿ ಹೊತ್ತು ಉಳಿಯುತ್ತದೆ. ಹಾಗಾಗಿ ಡೋಸ್ ಇಳಿಯುತ್ತದೆ, ಲೋ ಹೆಚ್ಚುತ್ತದೆ. ಪಾಯಸ ಮಾಡಿದ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ. ನಿಮ್ಮ ತಪ್ಪಲ್ಲ.

ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರಿನ ಸರಾಸರಿ ಲೆಕ್ಕ, ಚೆನ್ನಾಗಿದೆ ಅಂತ ನಂಬಿ ಕೂರಬೇಡಿ. ಕಿಡ್ನಿ ಸೋತು ರಕ್ತ ಕಡಿಮೆ ಇರುವವರಲ್ಲಿ, ಅದಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಆ ಲೆಕ್ಕ ನಿಜಕ್ಕಿಂತ ಕಡಿಮೆ ತೋರಿಸಬಹುದು.

ಬೆಲ್ಲ ನೀರಿನ ಬಗ್ಗೆ ಒಂದು ಮಾತು. ಅವನು ನುಂಗುವಷ್ಟು ಎಚ್ಚರ ಇದ್ದರೆ ಮಾತ್ರ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ, ಗಾಡಿ ಕರೆಸಿ. ಮತ್ತೆ ಆ ಎಡಗೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಯಾರಿಗೂ ಬಿಡಬೇಡಿ.

ಎರಡನೇ_ಇನ್ನಿಂಗ್ಸ್ · ರಾತ್ರಿ 11:58

ನಾನು ಮಾಡಿಸಿಕೊಂಡವ. ಬಾಯಾರಿನ ಕಡೆಯವನು, ಎರಡೂ ಒಟ್ಟಿಗೆ ಹಾಕಿ ಎಂಟು ವರ್ಷ ಕಳೆಯಿತು. ಆಸ್ಪತ್ರೆ ಹೆಸರು ಬರೆಯುವುದಿಲ್ಲ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ಹಳೆಯದನ್ನು ತೆಗೆಯುವುದಿಲ್ಲ. ಹಳೆ ಪ್ಯಾಂಕ್ರಿಯಾಸ್ ಇನ್ಸುಲಿನ್ ಮಾಡದಿದ್ದರೂ ಊಟ ಕರಗಿಸುವ ರಸ ಮಾಡುತ್ತಲೇ ಇರುತ್ತದೆ, ಅದರಷ್ಟಕ್ಕೆ ಇರಲಿ ಅಂತ ಬಿಡುತ್ತಾರೆ. ಹೊಸದನ್ನು ಹೊಟ್ಟೆಯ ಕೆಳಗೆ ಬಲಗಡೆಗೆ ಇಡುತ್ತಾರೆ, ಕಾಲಿಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಜೋಡಿಸುತ್ತಾರೆ. ದಾನಿಯ ಕರುಳಿನ ಒಂದು ತುಂಡೂ ಅದರ ಜೊತೆಗೇ ಬರುತ್ತದೆ. ಆ ತುಂಡನ್ನು ನಮ್ಮ ಕರುಳಿಗೆ ಹೊಲಿಯುತ್ತಾರೆ, ರಸ ಹೋಗಬೇಕಲ್ಲ. ಹಿಂದೆ ಮೂತ್ರಚೀಲಕ್ಕೆ ಜೋಡಿಸುತ್ತಿದ್ದರಂತೆ, ಅದರಿಂದ ಉರಿಮೂತ್ರ, ಮೈಯ ನೀರು ಬತ್ತುವುದು ಎಲ್ಲ ಜಾಸ್ತಿ ಅಂತ ಈಗ ಹೆಚ್ಚಿನ ಕಡೆ ಬಿಟ್ಟಿದ್ದಾರೆ. ಒಟ್ಟಿನಲ್ಲಿ ನನ್ನ ಹೊಟ್ಟೆಯಲ್ಲಿ ಮೂರು ಕಿಡ್ನಿ, ಎರಡು ಪ್ಯಾಂಕ್ರಿಯಾಸ್. ತೂಕದ ಯಂತ್ರದ ಮೇಲೆ ಹತ್ತುವಾಗ ಇದನ್ನೇ ನೆಪ ಹೇಳುವುದು.

ಮೂರು ಸಲ ಕರೆ ಬಂತು. ಮೊದಲ ಸಲ ಹೋಗಿ ಮಲಗಿ ಆದ ಮೇಲೆ ಪ್ಯಾಂಕ್ರಿಯಾಸ್ ಚೆನ್ನಾಗಿಲ್ಲ ಅಂತ ವಾಪಸ್ ಕಳಿಸಿದರು. ಅದು ಬೆಣ್ಣೆಯ ಹಾಗಿನ ಅಂಗ, ಮುಟ್ಟಿದರೆ ಊದಿಕೊಳ್ಳುತ್ತದೆ. ದಾನಿ ಪ್ರಾಯದವರಾಗಬೇಕು, ದಪ್ಪ ಇರಬಾರದು, ಶುಗರ್ ಇರಬಾರದು. ತೆಗೆದ ಮೇಲೆ ಐಸಿನಲ್ಲಿ ಕಿಡ್ನಿಯಷ್ಟು ಹೊತ್ತು ತಡೆಯುವುದಿಲ್ಲ, ಹನ್ನೆರಡು ಗಂಟೆಯ ಒಳಗೆ ಹಾಕಿದರೆ ಒಳ್ಳೆಯದು ಅಂತ ಲೆಕ್ಕ. ಎರಡನೇ ಸಲ ಜುಲೈ ತಿಂಗಳು, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಿತ್ತು. ಸಂಪಾಜೆ ಸುತ್ತಿ ಹೋಗುವಷ್ಟರಲ್ಲಿ ಇನ್ನೊಬ್ಬರಿಗೆ ಹೋಯಿತು. ಬೆಂಗಳೂರೂ ಕೊಚ್ಚಿಯೂ ನಮಗೆ ಎಂಟೊಂಬತ್ತು ಗಂಟೆಯ ದಾರಿ. ಹೆಸರು ಹಾಕುವ ಮೊದಲು ಈ ದಾರಿಯನ್ನೂ ಲೆಕ್ಕ ಹಾಕಿ ಅಕ್ಕ. ಆಮೇಲೆ ನಾನು ಬೆಂಗಳೂರಲ್ಲಿ ಅತ್ತೆಯ ಮನೆಯ ಮಾಳಿಗೆಯಲ್ಲಿ ಏಳು ತಿಂಗಳು ಸುಮ್ನೆ ಕೂತೆ, ಫೋನು ನೋಡುತ್ತಾ.

ಮೂರನೇ ಸಲ ಆಯಿತು. ಐಸಿಯುನಲ್ಲಿ ಕಣ್ಣು ಬಿಟ್ಟಾಗ ಸಿಸ್ಟರ್ ಶುಗರ್ 112 ಎಂದರು. ಎಷ್ಟು ಯೂನಿಟ್ ಕೊಟ್ಟಿದ್ದೀರಿ ಎಂದು ಕೇಳಿದೆ. ಒಂದೂ ಇಲ್ಲ ಎಂದರು. ನಾನು ನಂಬಲಿಲ್ಲ, ಇನ್ನೊಮ್ಮೆ ಚುಚ್ಚಿ ನೋಡಿ ಎಂದೆ.

ಈಗ ಕಹಿ ಭಾಗ. ಐದನೇ ದಿನ ಒಳಗೆ ರಕ್ತ ಸೋರಿ ಹೊಟ್ಟೆ ಮತ್ತೊಮ್ಮೆ ತೆರೆದರು. ಮೂರನೇ ತಿಂಗಳು ಸಿಎಂವಿ ಅಂತ ಒಂದು ವೈರಸ್ ಜ್ವರ, ಹದಿನೆಂಟು ದಿನ ಆಸ್ಪತ್ರೆ. ಹೊಸ ಅಂಗವನ್ನು ಮೈ ತಿರಸ್ಕರಿಸದ ಹಾಗೆ ತಡೆಯುವ ಮಾತ್ರೆ ಟ್ಯಾಕ್ರೋಲಿಮಸ್, ಬೆಳಗ್ಗೆ ಒಂಬತ್ತು, ರಾತ್ರಿ ಒಂಬತ್ತು, ತಪ್ಪುವ ಹಾಗಿಲ್ಲ. ಅದರಿಂದ ಕೈ ನಡುಗುತ್ತದೆ, ಸಹಿ ಬ್ಯಾಂಕಿನಲ್ಲಿ ಒಪ್ಪುವುದಿಲ್ಲ. ತಮಾಷೆ ಎಂದರೆ ಅದೇ ಮಾತ್ರೆ ಶುಗರನ್ನೂ ಏರಿಸಬಲ್ಲದು, ಕಿಡ್ನಿಗೂ ಪೆಟ್ಟು ಕೊಡಬಲ್ಲದು, ಹಾಗಾಗಿ ರಕ್ತದಲ್ಲಿ ಅದರ ಮಟ್ಟ ನೋಡುತ್ತಲೇ ಇರಬೇಕು. ಹಿತ್ತಲಿನ ಚಕ್ಕೋತ ತಿನ್ನುವ ಹಾಗಿಲ್ಲ, ಮಾತ್ರೆಯ ಮಟ್ಟ ಏರಿಬಿಡುತ್ತದೆ. ಬಾವಿ ನೀರು ಕುದಿಸಿಯೇ ಕುಡಿಯುವುದು. ದನದ ಹಟ್ಟಿಗೆ ಇಳಿಯುವುದಿಲ್ಲ, ಮಳೆಗಾಲದಲ್ಲಿ ತೋಟದ ನೀರಿನ ಕಣಿಗೆ ಕಾಲು ಹಾಕುವುದಿಲ್ಲ. ನಮ್ಮಲ್ಲಿ ಇಲಿಜ್ವರ ಗಟ್ಟಿಮುಟ್ಟಾದವರನ್ನೇ ಬಿಡುವುದಿಲ್ಲ, ನನ್ನಂಥವರನ್ನು ಬಿಟ್ಟೀತಾ. ಅಡಿಕೆ ಕೃಷಿಕ ತೋಟಕ್ಕೆ ಇಳಿಯದೆ ಮೇಲಿನಿಂದ ನೋಡುವುದು ಎಂದರೆ ಏನು ಅಂತ ನಿಮಗೆ ಗೊತ್ತು.

ಖರ್ಚು ಕೇಳಬೇಡಿ. ಆಪರೇಷನ್ನಿನದ್ದು ಒಂದು ಸಲದ ಸಾಲ. ಮಾತ್ರೆಯದ್ದು ಪ್ರತಿ ತಿಂಗಳದ್ದು, ಅದನ್ನೇ ಜಾಸ್ತಿ ಯೋಚಿಸಿ.

ನನಗೆ ಕೊಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅದಕ್ಕೆ ಕಾದೆ. ಇದ್ದಿದ್ದರೆ ಕಾಯುತ್ತಿದ್ದೆನಾ? ಇಲ್ಲ.

ಉಪ್ಪಳದವ · ಸೋಮವಾರ ಬೆಳಗ್ಗೆ 6:50

ಮೇಲಿನವರದ್ದು ಚೆನ್ನಾಗಿ ಆಯಿತು, ಸಂತೋಷ. ನಮ್ಮ ಚಿಕ್ಕಪ್ಪನ ಮಗನಿಗೆ ಮೂರನೇ ದಿನ ಪ್ಯಾಂಕ್ರಿಯಾಸಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿತು. ತೆಗೆದು ಬಿಸಾಡಬೇಕಾಯಿತು. ಯಾರೂ ತಪ್ಪು ಮಾಡಿದ್ದಲ್ಲ, ಈ ಅಂಗಕ್ಕೆ ರಕ್ತದ ಓಟ ನಿಧಾನ, ಶುರುವಿನ ದಿನಗಳಲ್ಲಿ ಹೀಗಾಗುವುದೇ ದೊಡ್ಡ ಭಯ ಅಂತ ಮೊದಲೇ ಹೇಳಿದ್ದರು. ಕೇಳಿಸಿಕೊಂಡಿದ್ದೆವು, ನಮಗೆ ಆಗುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ. ಕಿಡ್ನಿ ಮಾತ್ರ ಗಟ್ಟಿ ನಿಂತಿದೆ. ಈಗ ಇನ್ಸುಲಿನ್ನೂ ಇದೆ, ಮಾತ್ರೆಯೂ ಇದೆ, ಡಯಾಲಿಸಿಸ್ ಇಲ್ಲ. ಅವನನ್ನು ಕೇಳಿದರೆ ಅಷ್ಟು ಸಾಕು ಎನ್ನುತ್ತಾನೆ.

ಕುಂಬಳೆ_ಮೇಷ್ಟ್ರು · ಬೆಳಗ್ಗೆ 8:15

ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. "ಮೇದೋಜೀರಕ ಗ್ರಂಥಿ" ಎಂದು ಮಕ್ಕಳ ಕೈಯಲ್ಲಿ ನೂರು ಸಲ ಬರೆಸಿದ್ದೇನೆ, ಅದನ್ನು ಒಬ್ಬರಿಂದ ಒಬ್ಬರಿಗೆ ಹಾಕುತ್ತಾರೆ ಅಂತ ಹೇಳಿದ್ದು ಬಹಳ ತಡವಾಗಿ. ಮೊದಲು ಹಾಕಿದ್ದು 1966ರ ಡಿಸೆಂಬರ್ 17ರಂದು, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ಕೆಲ್ಲಿ, ರಿಚರ್ಡ್ ಲಿಲ್ಲೆಹೈ ಎಂಬ ಇಬ್ಬರು ಸರ್ಜನ್ನರು. 28 ವರ್ಷದ ಹೆಂಗಸು, ಶುಗರಿನಿಂದ ಕಿಡ್ನಿ ಹೋಗಿತ್ತು, ಅವರಿಗೆ ಕಿಡ್ನಿಯನ್ನೂ ಇದನ್ನೂ ಒಟ್ಟಿಗೆ ಹಾಕಿದರು. ಅವರು ಕೆಲವೇ ತಿಂಗಳು ಬದುಕಿದರು. ಈಗ ಅನುಭವ ಇರುವ ಕಡೆ ಒಟ್ಟಿಗೆ ಹಾಕಿದ ಪ್ಯಾಂಕ್ರಿಯಾಸ್ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಒಂದು ವರ್ಷದ ಕೊನೆಗೆ ಕೆಲಸ ಮಾಡುತ್ತಿರುತ್ತದೆ.

ನಾನು ಹೇಳಬೇಕು ಅಂದುಕೊಂಡದ್ದು ಬೇರೆ. ಅಮ್ಮನ ಕಿಡ್ನಿ ಹಾಕಿದರೆ ಕಥೆ ಮುಗಿಯಿತು ಅಂತ ನಿಮ್ಮ ಅಮ್ಮ ತಿಳಿದುಕೊಂಡಿರಬಹುದು. ಮಗನ ಕಿಡ್ನಿಯನ್ನು ಹಾಳು ಮಾಡಿದ ಅದೇ ಸಕ್ಕರೆ ಅಮ್ಮನ ಕಿಡ್ನಿಯನ್ನೂ ಮೆಲ್ಲಗೆ ತಿನ್ನಬಹುದು. 1998ರಲ್ಲಿ ಮಿನ್ನೆಸೋಟದವರೇ ಬರೆದ ಒಂದು ಅಧ್ಯಯನ ಇದೆ. ಪ್ಯಾಂಕ್ರಿಯಾಸ್ ಮಾತ್ರ ಹಾಕಿಸಿಕೊಂಡ ಎಂಟು ಜನರ ಸ್ವಂತ ಕಿಡ್ನಿಯ ಚೂರು ತೆಗೆದು ನೋಡಿದರು. ಐದು ವರ್ಷದ ಹೊತ್ತಿಗೆ ಏನೂ ವ್ಯತ್ಯಾಸವಿಲ್ಲ. ಹತ್ತು ವರ್ಷಕ್ಕೆ ಶುಗರಿನಿಂದ ಆದ ಗಾಯ ಮಾಯುತ್ತಾ ಬಂದಿತ್ತು! ಹಾಗಾಗಿ ಅಮ್ಮನ ಕಿಡ್ನಿ ಮೊದಲು, ಪ್ಯಾಂಕ್ರಿಯಾಸ್ ಆಮೇಲೆ, ಅಂತಲೂ ಒಂದು ದಾರಿ ಇದೆ. ಇನ್ಸುಲಿನ್ ಬಿಡುವುದಕ್ಕಿಂತ ಅಮ್ಮ ಕೊಟ್ಟದ್ದನ್ನು ಕಾಯುವುದಕ್ಕೆ.

ಡಯಾಲಿಸಿಸ್_ಸಿಸ್ಟರ್ · ಬೆಳಗ್ಗೆ 8:52

ಮೇಷ್ಟ್ರೇ, ಅದು ಸರಿ. ಆದರೆ ಆ ದಾರಿಯಲ್ಲಿ ಒಂದು ಕಷ್ಟ ಇದೆ. ಎರಡೂ ಒಬ್ಬರೇ ದಾನಿಯದ್ದಾದರೆ ಕಿಡ್ನಿ ಕಾವಲುಗಾರನ ಹಾಗೆ. ಮೈ ಅದನ್ನು ತಿರಸ್ಕರಿಸಲು ಶುರು ಮಾಡಿದರೆ ಕ್ರಿಯಾಟಿನಿನ್ ಏರುತ್ತದೆ, ಪ್ಯಾಂಕ್ರಿಯಾಸಿಗೂ ಅಪಾಯ ಬಂತು ಅಂತ ಬೇಗ ಗೊತ್ತಾಗುತ್ತದೆ. ಅಮ್ಮನದ್ದು ಕಿಡ್ನಿ, ಇನ್ಯಾರದ್ದೋ ಪ್ಯಾಂಕ್ರಿಯಾಸ್ ಆದರೆ ಆ ಸೂಚನೆ ಇಲ್ಲ. ರಕ್ತದ ಶುಗರ್ ಏರುವ ಹೊತ್ತಿಗೆ ತಡವಾಗಿರುತ್ತದೆ, ಅಮೈಲೇಸ್ ಲೈಪೇಸ್ ಎಂಬ ಪ್ಯಾಂಕ್ರಿಯಾಸಿನ ರಸಗಳ ಮಟ್ಟವನ್ನು ರಕ್ತದಲ್ಲಿ ನೋಡಿಕೊಂಡು ಊಹಿಸಬೇಕು. ಹಾಗಾಗಿ ಆಮೇಲೆ ಹಾಕಿದ್ದು ಒಟ್ಟಿಗೆ ಹಾಕಿದಷ್ಟು ಬಾಳುವುದಿಲ್ಲ ಎಂಬ ಅನುಭವ ಇದೆ.

ಆದರೂ ಹೇಳುತ್ತೇನೆ. ಶುಗರ್ ಇರುವವರು ಡಯಾಲಿಸಿಸ್ಸಿನಲ್ಲಿ ವರ್ಷಗಟ್ಟಲೆ ಕಾಯುವುದನ್ನು ನಾನು ದಿನಾ ನೋಡುತ್ತೇನೆ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ. ಕೆಲವರು ಕಾಯುತ್ತಾ ಕಾಯುತ್ತಾ ಕುರ್ಚಿ ಖಾಲಿ ಮಾಡುತ್ತಾರೆ. ನಮ್ಮ ದೇಶದಲ್ಲಿ ಸತ್ತ ಮೇಲೆ ಅಂಗ ಕೊಡುವವರು ಹತ್ತು ಲಕ್ಷಕ್ಕೆ ಒಬ್ಬರೂ ಇಲ್ಲ. ಕಾಯುತ್ತೇನೆ ಎಂದರೆ ಎಷ್ಟು ವರ್ಷ ಅಂತ ಯಾರೂ ಹೇಳಲಾರರು.

ಯಾವ ದಾರಿಯಾದರೂ ಮೊದಲು ಹೃದಯ ನೋಡಿಸಿ. ಇಷ್ಟು ವರ್ಷ ಶುಗರ್ ಇದ್ದವರಿಗೆ ಎದೆನೋವು ಇಲ್ಲದೆಯೂ ರಕ್ತನಾಳ ಕಟ್ಟಿರಬಹುದು.

ಅಡಿಕೆ_ಭಾವ · ಬೆಳಗ್ಗೆ 9:10

ಗಿಡದ ಮಾತು ವಾಪಸ್ ತೆಗೆದುಕೊಂಡೆ ಸಿಸ್ಟರ್. ಒಂದು ಸಂಶಯ. ಅವರು ಕೇರಳದಲ್ಲಿ ಇರುವವರು, ಆಸ್ಪತ್ರೆ ಕರ್ನಾಟಕದ್ದು. ಹೆಸರು ಎಲ್ಲಿ ಹಾಕುವುದು? 2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದು ನೆನಪಿದೆಯಲ್ಲ, ನಮ್ಮ ಅತ್ತಿಗೆಯ ಡಯಾಲಿಸಿಸ್ ತಪ್ಪಿತ್ತು. ಆಂಬುಲೆನ್ಸಿನಲ್ಲಿ ಕೂತು ಮಣ್ಣಿನ ರಾಶಿ ನೋಡಿದ್ದು ನಾನು.

ಎರಡನೇ_ಇನ್ನಿಂಗ್ಸ್ · ಬೆಳಗ್ಗೆ 9:44

ಹೆಸರು ನಾವೇ ಹೋಗಿ ಹಾಕುವುದಲ್ಲ ಭಾವ, ಆಪರೇಷನ್ ಮಾಡುವ ಆಸ್ಪತ್ರೆಯ ಮೂಲಕ. ಅಂಗ ಹಂಚುವ ಸರಕಾರಿ ವ್ಯವಸ್ಥೆಯ ಹೆಸರು ಕೇರಳದಲ್ಲಿ ಮೃತಸಂಜೀವನಿ, ಕರ್ನಾಟಕದಲ್ಲಿ ಜೀವಸಾರ್ಥಕತೆ. ನೀವು ಇಂಥ ರಾಜ್ಯದವರೇ ಆಗಿರಬೇಕು ಎಂಬ ನಿಯಮ ಬಿಡಿ ಎಂದು 2023ರಲ್ಲಿ ಕೇಂದ್ರ ಸರಕಾರ ರಾಜ್ಯಗಳಿಗೆ ಹೇಳಿದೆ. ಆಧಾರ್ ಕಾರ್ಡಿನಲ್ಲಿ ಕಾಸರಗೋಡು ಅಂತ ಇದೆ ಎಂದು ಯಾರಾದರೂ ಕೌಂಟರಿನಲ್ಲಿ ಮುಖ ತಿರುಗಿಸಿದರೆ ಅಲ್ಲೇ ನಿಂತು ಟ್ರಾನ್ಸ್‌ಪ್ಲಾಂಟ್ ಕೋ-ಆರ್ಡಿನೇಟರನ್ನು ಕರೆಸಿ. ಅವರೇ ನಿಮ್ಮ ನಿಜವಾದ ದೇವರು.

ಇನ್ನೊಂದು. ಕಿಡ್ನಿ ಹಾಕುವ ಆಸ್ಪತ್ರೆ ಬೇಕಾದಷ್ಟು. ಪ್ಯಾಂಕ್ರಿಯಾಸ್ ಹಾಕಿ ಕೈ ಪಳಗಿದವರು ಬೆರಳೆಣಿಕೆ. ಸರಕಾರಿ ಆಸ್ಪತ್ರೆಗಳಲ್ಲಿ ಚಂಡೀಗಢದ ಪಿಜಿಐ ಮಾಡುತ್ತಾ ಬಂದಿದೆ, ನಮಗೆ ಅದು ಎಲ್ಲಿ, ನಾವು ಎಲ್ಲಿ. ನೀವು ಹೋದ ಕಡೆ "ಇದುವರೆಗೆ ಎಷ್ಟು ಮಾಡಿದ್ದೀರಿ, ಅದರಲ್ಲಿ ಎಷ್ಟು ಈಗ ಕೆಲಸ ಮಾಡುತ್ತಿವೆ" ಅಂತ ನಾಚಿಕೆ ಬಿಟ್ಟು ಕೇಳಿ. ಒಳ್ಳೆಯವರು ಕೋಪ ಮಾಡಿಕೊಳ್ಳುವುದಿಲ್ಲ.

ಮುಳ್ಳೇರಿಯ_ಹುಡುಗಿ · ಮಧ್ಯಾಹ್ನ 1:20

ನನಗೂ ಟೈಪ್ ಒನ್. ಶಾಲೆಗೆ ಹೋಗುವಾಗ ಸರಕಾರದ ಮಿಠಾಯಿ ಯೋಜನೆಯಲ್ಲಿ ಇನ್ಸುಲಿನ್ ಸಿಗುತ್ತಿತ್ತು (ಶುಗರ್ ಮಕ್ಕಳ ಯೋಜನೆಗೆ ಮಿಠಾಯಿ ಅಂತ ಹೆಸರಿಟ್ಟವರಿಗೆ ಒಂದು ನಮಸ್ಕಾರ). ಅಕ್ಕಾ, ತೋಳಿಗೆ ಅಂಟಿಸುವ ಶುಗರ್ ಸೆನ್ಸರ್ ಹಾಕಿ ನೋಡಿದ್ದೀರಾ? ಹದಿನಾಲ್ಕು ದಿನ ಇರುತ್ತದೆ. ಲೋ ಆಗುವ ಮೊದಲೇ ಕೂಗುತ್ತದೆ. ನನಗೂ ಗೊತ್ತಾಗುತ್ತಿರಲಿಲ್ಲ. ಕೆಲವು ತಿಂಗಳು ಲೋ ಆಗದ ಹಾಗೆ ನೋಡಿಕೊಂಡ ಮೇಲೆ ಕೈ ನಡುಗುವುದು ಸ್ವಲ್ಪ ವಾಪಸ್ ಬಂತು. ನಡುಗುವುದಕ್ಕೆ ಖುಷಿಪಟ್ಟದ್ದು ಅದೇ ಮೊದಲು.

ಮೇಷ್ಟ್ರೇ, ಪೂರ್ತಿ ಪ್ಯಾಂಕ್ರಿಯಾಸ್ ಬದಲು ಬರೀ ಕಣಗಳನ್ನು ಹಾಕುವುದು ಏನಾಯಿತು? ಯಾವುದೋ ವಿಡಿಯೋದಲ್ಲಿ ಶುಗರ್ ಪೂರ್ತಿ ಗುಣ ಅಂತ ಇತ್ತು.

ಕುಂಬಳೆ_ಮೇಷ್ಟ್ರು · ಮಧ್ಯಾಹ್ನ 3:05

ವಿಡಿಯೋದ ತಲೆಬರಹವನ್ನು ನಂಬಬೇಡ ಮಗಾ. ವಿಷಯ ಮಾತ್ರ ಸುಳ್ಳಲ್ಲ. 2000ದಲ್ಲಿ ಕೆನಡಾದ ಎಡ್ಮಂಟನ್ನಿನವರು ದಾನಿಯ ಪ್ಯಾಂಕ್ರಿಯಾಸಿನಿಂದ ಇನ್ಸುಲಿನ್ ಮಾಡುವ ಕಣಗಳನ್ನು ಮಾತ್ರ ಬೇರೆ ಮಾಡಿ, ಯಕೃತ್ತಿಗೆ ಹೋಗುವ ರಕ್ತನಾಳದೊಳಗೆ ಬಿಟ್ಟರು. ಹೊಟ್ಟೆ ಕೊಯ್ಯುವ ಆಪರೇಷನ್ ಇಲ್ಲ. ಏಳು ಜನ, ಏಳೂ ಜನ ಇನ್ಸುಲಿನ್ ಬಿಟ್ಟರು. ವರ್ಷ ಕಳೆದ ಹಾಗೆ ಹೆಚ್ಚಿನವರು ಮತ್ತೆ ಸ್ವಲ್ಪ ಸ್ವಲ್ಪ ಇನ್ಸುಲಿನ್ನಿಗೆ ಬಂದರು. ಒಬ್ಬರಿಗೆ ಎರಡು ಮೂರು ದಾನಿಗಳೂ ಬೇಕಾಗುತ್ತಿತ್ತು. ಈಗ ಆಕರಕೋಶದಿಂದ (ಸ್ಟೆಮ್ ಸೆಲ್) ಪ್ರಯೋಗಾಲಯದಲ್ಲೇ ಈ ಕಣ ಬೆಳೆಸುತ್ತಾರೆ. 2025ರಲ್ಲಿ ಬಂದ ವರದಿಯಲ್ಲಿ ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಇದ್ದರು. ಅವರೂ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗಲೇಬೇಕು. ನಿನಗೆ ಇನ್ನೂ ಪ್ರಾಯ ಇದೆ. ಪೆರ್ಲದ ಹುಡುಗನ ಕಿಡ್ನಿಗೆ ಅಷ್ಟು ಪುರುಸೊತ್ತಿಲ್ಲ.

ಪೆರ್ಲದ_ತಮ್ಮ · ಬುಧವಾರ ರಾತ್ರಿ 11:30

ನಾನೇ ಆ ತಮ್ಮ. ಅಕ್ಕನ ಫೋನಿನಲ್ಲಿ ನೋಡಿದೆ. ಮೂರು ದಿನದಿಂದ ಓದುತ್ತಾ ಇದ್ದೇನೆ, ಬರೆಯುವುದಾ ಬೇಡವಾ ಅಂತ.

ಅಕ್ಕ ಬರೆದದ್ದರಲ್ಲಿ ಸುಳ್ಳಿಲ್ಲ. ಬಿಟ್ಟದ್ದು ಒಂದೇ. ನಾಲ್ಕು ವರ್ಷದಿಂದ ಅಮ್ಮ ನನ್ನ ಕೋಣೆಯ ಬಾಗಿಲಿಗೆ ಅಡ್ಡ ಚಾಪೆ ಹಾಕಿ ಮಲಗುತ್ತಾರೆ. ನಾನು ಎದ್ದು ಹೋದರೆ ಅವರನ್ನು ದಾಟಬೇಕು, ಆಗ ಎಚ್ಚರವಾಗುತ್ತದೆ ಅಂತ ಉಪಾಯ. ಅಂಗಳದಲ್ಲಿ ನಿಂತ ರಾತ್ರಿ ಅವರಿಗೆ ಜ್ವರ ಇತ್ತು, ಮಾತ್ರೆ ತೆಗೆದುಕೊಂಡು ಮಲಗಿದ್ದರು, ನಾನು ದಾಟಿದ್ದು ಗೊತ್ತಾಗಲಿಲ್ಲ. ಅದನ್ನು ಇವತ್ತಿಗೂ ಹೇಳಿ ಅಳುತ್ತಾರೆ. ಅಂಥವರು ಕಿಡ್ನಿ ಕೊಟ್ಟ ಮೇಲೂ ಅದೇ ಚಾಪೆಯಲ್ಲಿ ಮಲಗುವುದಾದರೆ ನನಗೆ ಆ ಕಿಡ್ನಿ ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ. ಡಾಕ್ಟರ ಹತ್ತಿರ ಇದನ್ನು ಹೇಗೆ ಹೇಳುವುದು, ಅವರು ಕ್ರಿಯಾಟಿನಿನ್ ಕೇಳುತ್ತಾರೆ.

ಉಪ್ಪಳದವರೇ, ನಿಮ್ಮದನ್ನು ಓದಿ ಹೆದರಿಕೆ ಆಗಲಿಲ್ಲ, ಸ್ವಲ್ಪ ಧೈರ್ಯ ಬಂತು. ಹಾಳಾದರೂ ಹೀಗಿರಬಹುದು ಅಂತ ಗೊತ್ತಾಯಿತಲ್ಲ.

ನನ್ನ ಯೋಚನೆ ಇಷ್ಟು. ಅಮ್ಮನ ಟೆಸ್ಟೆಲ್ಲ ಆಗಲಿ. ಅವರ ಸಕ್ಕರೆ, ಬಿಪಿ ಒಂದಿಷ್ಟು ಆಚೀಚೆ ಇದ್ದರೂ ಬೇಡ, ಅವರು ಎಷ್ಟು ಅತ್ತರೂ ಬೇಡ. ಸರಿ ಇದ್ದರೆ ಕಿಡ್ನಿ ಮೊದಲು. ಪ್ಯಾಂಕ್ರಿಯಾಸಿಗೆ ಎಲ್ಲಿ, ಯಾವಾಗ ಹೆಸರು ಹಾಕುವುದು ಅಂತ ಕೋ-ಆರ್ಡಿನೇಟರ ಹತ್ತಿರ ಶುಕ್ರವಾರ ಮಾತಾಡುತ್ತೇನೆ, ನಾನೇ, ಅಪ್ಪನಲ್ಲ. ಅದಕ್ಕೂ ಮೊದಲು ಆ ಸೆನ್ಸರ್. ಮುಳ್ಳೇರಿಯ ತಂಗಿ, ಅದರ ಅಲಾರಂ ಎಷ್ಟು ಜೋರು?

ಮುಳ್ಳೇರಿಯ_ಹುಡುಗಿ · ಗುರುವಾರ ಬೆಳಗ್ಗೆ 7:02

ಅಣ್ಣಾ, ಜೋರು ಅಂದರೆ ಜೋರು. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವರು ಬಂದು ಬಾಗಿಲು ಬಡಿಯುತ್ತಾರೆ. ಅಲಾರಂ ಇಲ್ಲದ್ದನ್ನೂ ಮಾರುತ್ತಾರೆ, ಕೇಳಿ ತೆಗೆದುಕೊಳ್ಳಿ. ಅಮ್ಮನ ಫೋನಿಗೂ ಬರುವ ಹಾಗೆ ಮಾಡಬಹುದು, ಅವರು ಅವರ ಕೋಣೆಯಲ್ಲೇ ಮಲಗಬಹುದು. ಸೆನ್ಸರ್ ಇರುವ ಕೈ ಅಡಿಗೆ ಹಾಕಿ ಮಲಗಬೇಡಿ, ಒತ್ತಿದರೆ ಸುಳ್ಳೇ ಲೋ ತೋರಿಸಿ ಕೂಗುತ್ತದೆ. ಫಿಸ್ಟುಲಾ ಎಡಗೈ ಅಲ್ವಾ, ಬಲತೋಳಿಗೆ ಹಾಕಿ. ನಮ್ಮ ಮನೆಯಲ್ಲಿ ಅದು ಕೂಗಿದರೆ ನಾಯಿಯೂ ಬೊಗಳುತ್ತದೆ, ಅಷ್ಟೇ ತೊಂದರೆ.

ಪೆರ್ಲದಕ್ಕ · ಬೆಳಗ್ಗೆ 7:15

ನಮ್ಮ ನಾಯಿಗೆ ಕಿವಿ ಕೇಳುವುದಿಲ್ಲ. ಇವತ್ತೇ ಮಂಗಳೂರಿಗೆ ಹೋಗಿ ತರುತ್ತೇನೆ.